ಕಂಬಿಯ ಹಿಂದೆ ಬೆಳೆಯುವ ನಾಯಿಮರಿ: ಸೆರೆಮನೆಗಳಲ್ಲಿ ಪ್ರಾಣಿಪಾಲನೆ

ಅಧ್ಯಕ್ಷರಿಗೆ, ಸಭೆಯಲ್ಲಿರುವ ಹಿರಿಯರಿಗೆ ಮತ್ತು ಗೆಳೆಯರಿಗೆ ನಮಸ್ಕಾರ.

1975ರಲ್ಲಿ ಅಮೆರಿಕದ ಓಹಾಯೊ ರಾಜ್ಯದ ಲಿಮಾ ಎಂಬ ಊರಿನಲ್ಲಿ ನಡೆದ ಒಂದು ಸಣ್ಣ ಸಂಗತಿಯಿಂದ ಮಾತು ಆರಂಭಿಸುತ್ತೇನೆ. ಅಪರಾಧ ಎಸಗಿದ ಮನೋರೋಗಿಗಳನ್ನು ಇರಿಸುತ್ತಿದ್ದ ಅಲ್ಲಿನ ಸರ್ಕಾರಿ ಆಸ್ಪತ್ರೆಯು ಹೆಸರಿಗೆ ಆಸ್ಪತ್ರೆಯಾದರೂ ಬಿಗಿ ಕಾವಲಿನ ಸೆರೆಮನೆಯೇ ಆಗಿತ್ತು. ಅದರ ಒಂದು ವಾರ್ಡಿನ ಜನ ಯಾರ ಮಾತನ್ನೂ ಕೇಳುತ್ತಿರಲಿಲ್ಲ, ತಮ್ಮತಮ್ಮಲ್ಲಿ ಮಾತನಾಡುವುದೂ ಅಪರೂಪ. ಅಂಥವರ ಕೈಗೆ ಒಂದು ದಿನ ಗಾಯಗೊಂಡ ಹಕ್ಕಿಯೊಂದು ಸಿಕ್ಕಿತು. ಅವರು ಅದನ್ನು ಕಾವಲಿನವರ ಕಣ್ಣು ತಪ್ಪಿಸಿ ಒಳಗೆ ತಂದರು, ಕಸಬರಿಗೆ ಇಡುವ ಗೂಡಿನಲ್ಲಿ ಬಚ್ಚಿಟ್ಟರು, ಹುಳುಹುಪ್ಪಟೆ ಹಿಡಿದು ತಂದು ಉಣಿಸತೊಡಗಿದರು. ಅಲ್ಲಿ ಮನೋವೈದ್ಯಕೀಯ ಸಮಾಜಕಾರ್ಯಕರ್ತರಾಗಿದ್ದ ಡೇವಿಡ್ ಲೀ ಅವರ ಗಮನಕ್ಕೆ ಇದು ಬರುವ ಹೊತ್ತಿಗೆ, ಎಂದೂ ಒಂದಾಗಿ ಒಂದು ಕೆಲಸ ಮಾಡದಿದ್ದ ಆ ವಾರ್ಡು ಒಂದು ಹಕ್ಕಿಗಾಗಿ ಒಂದಾಗಿತ್ತು.

ಲೀ ಅವರು ಇದನ್ನು ನಿಯಮಭಂಗವೆಂದು ಅಲ್ಲಿಗೇ ಮುಗಿಸಲಿಲ್ಲ. ಆಡಳಿತದ ಒಪ್ಪಿಗೆ ಪಡೆದು ಮೂರು ತಿಂಗಳ ಪ್ರಯೋಗ ನಡೆಸಿದರು. ಆಮೇಲೆ ಒಂದೇ ಬಗೆಯ ಎರಡು ವಾರ್ಡುಗಳನ್ನು ಒಂದು ವರ್ಷ ಕಾಲ ಹೋಲಿಸಿ ನೋಡಲಾಯಿತು. ಒಂದರಲ್ಲಿ ಸಾಕುಪ್ರಾಣಿಗಳಿದ್ದವು, ಇನ್ನೊಂದರಲ್ಲಿ ಇರಲಿಲ್ಲ. ಪ್ರಾಣಿಗಳಿದ್ದ ವಾರ್ಡಿಗೆ ಬೇಕಾದ ಔಷಧ ಇನ್ನೊಂದರ ಅರ್ಧದಷ್ಟಾಯಿತು, ಹೊಡೆದಾಟಗಳು ತಗ್ಗಿದವು, ಆತ್ಮಹತ್ಯೆಯ ಒಂದು ಪ್ರಯತ್ನವೂ ನಡೆಯಲಿಲ್ಲ. ಪ್ರಾಣಿಗಳಿಲ್ಲದ ವಾರ್ಡಿನಲ್ಲಿ ಅಂಥ 8 ಪ್ರಯತ್ನಗಳು ನಡೆದವು. ಎರಡು ವಾರ್ಡುಗಳ ಅನುಭವದ ಮೇಲೆ ದೊಡ್ಡ ಸಿದ್ಧಾಂತ ಕಟ್ಟುವುದು ಸರಿಯಲ್ಲವೆಂದು ನಾನು ಬಲ್ಲೆ. ಆದರೂ ಆ ಕಸಬರಿಗೆಯ ಗೂಡು ನನ್ನ ಮನಸ್ಸಿನಿಂದ ಹೋಗುವುದಿಲ್ಲ. ಯಾರೂ ಹೇಳಿಕೊಡದೆ, ಸಿಕ್ಕಿಬಿದ್ದರೆ ಶಿಕ್ಷೆ ಎಂದು ಗೊತ್ತಿದ್ದೂ, ಸಮಾಜ ಕೈಬಿಟ್ಟ ಕೆಲವರು ಒಂದು ಜೀವವನ್ನು ಉಳಿಸುವುದಕ್ಕೆ ಮುಂದಾದರು.

ನಾನು ಪಶುವೈದ್ಯ. ಹಳ್ಳಿಯ ಕೊಟ್ಟಿಗೆಗಳಲ್ಲಿ ಕೆಲಸ ಮಾಡುತ್ತಿದ್ದ ಕಾಲದ ಒಂದು ರಾತ್ರಿ ಇಲ್ಲಿ ನೆನಪಾಗುತ್ತದೆ. ಊರಿನವರೆಲ್ಲ ಜಗಳಗಂಟನೆಂದು ದೂರವಿಟ್ಟಿದ್ದ ಒಬ್ಬನ ಹಸುವಿಗೆ ಹೆರಿಗೆಯಲ್ಲಿ ಕರು ಅಡ್ಡಲಾಗಿತ್ತು. ನಾನು ಕೈಹಾಕಿ ಕರುವಿನ ಮುಂಗಾಲುಗಳನ್ನು ಸರಿಪಡಿಸುವ ಎರಡು ಗಂಟೆಯೂ ಆತ ಹಸುವಿನ ತಲೆಯನ್ನು ತೊಡೆಯ ಮೇಲೆ ಇರಿಸಿಕೊಂಡು, ಅದರ ಗಂಗೆದೊಗಲನ್ನು ಸವರುತ್ತ, ತೀರ ಸಣ್ಣ ದನಿಯಲ್ಲಿ “ಆಯ್ತು ಕಣವ್ವ, ಇನ್ನೇನ್ ಆಗೋಯ್ತು” ಎನ್ನುತ್ತಲೇ ಇದ್ದ. ಬಾಗಿಲಲ್ಲಿ ಲಾಟೀನು ಹಿಡಿದು ನಿಂತಿದ್ದ ಪಕ್ಕದ ಮನೆಯವರು ಅವನನ್ನು ಬೆರಗಿನಿಂದ ನೋಡುತ್ತಿದ್ದರು. ಇಪ್ಪತ್ತು ವರ್ಷ ಗೋಡೆಗೆ ಗೋಡೆ ಹಂಚಿಕೊಂಡಿದ್ದರೂ ಅವನಲ್ಲಿ ಅಂಥದೊಂದು ದನಿ ಇದೆಯೆಂದು ಅವರಿಗೆ ಗೊತ್ತಿರಲಿಲ್ಲ.

ಸೆರೆಮನೆಯಲ್ಲಿ ಆ ದನಿಗೆ ಕೆಲಸವೇ ಇರುವುದಿಲ್ಲ. ಏಳುವ ಹೊತ್ತು, ಉಣ್ಣುವ ಹೊತ್ತು, ಬೀಗ ಬೀಳುವ ಹೊತ್ತು ಎಲ್ಲವನ್ನೂ ಬೇರೆಯವರು ಗೊತ್ತುಮಾಡುತ್ತಾರೆ. ವರ್ಷಗಟ್ಟಲೆ ತನ್ನ ಬಗ್ಗೆಯೇ ಒಂದು ನಿರ್ಧಾರವನ್ನೂ ತೆಗೆದುಕೊಳ್ಳದ, ತನ್ನನ್ನು ನೆಚ್ಚಿಕೊಂಡ ಒಂದು ಜೀವವೂ ಎದುರಿಗಿಲ್ಲದ ಮನುಷ್ಯನನ್ನು ಒಂದು ದಿನ ಹೊರಗೆ ಬಿಟ್ಟು, ಹೊಣೆಗಾರಿಕೆಯಿಂದ ಬದುಕು ಎನ್ನುತ್ತೇವೆ. ಪ್ರಾಣಿಪಾಲನೆಯ ಕಾರ್ಯಕ್ರಮಗಳ ನಿಜವಾದ ಬಲ ಇರುವುದು ಪ್ರಾಣಿಯ ಮುದ್ದುತನದಲ್ಲಿ ಎಂದು ಹಲವರು ತಿಳಿದಿದ್ದಾರೆ. ಅದು ಬಂದಿಯ ಮೇಲೆ ಹೇರುವ ಹೊಣೆಯಲ್ಲಿದೆ ಎಂಬುದು ನನ್ನ ತಿಳಿವಳಿಕೆ. ಆ ಹೊಣೆಯೂ ಪೂರ್ಣವಾಗುವುದು, ಸಾಕಿದ ಪ್ರಾಣಿಯನ್ನು ಬೇರೊಬ್ಬರ ಕೈಗೆ ಒಪ್ಪಿಸಿದ ದಿನ.

ಪ್ರಾಣಿಯ ಮೇಲಿನ ಪ್ರೀತಿಯೊಂದೇ ಮನುಷ್ಯನನ್ನು ತಿದ್ದುವುದಿಲ್ಲ ಎಂಬುದಕ್ಕೆ ಅಮೆರಿಕದ ಬಂದಿ ರಾಬರ್ಟ್ ಸ್ಟ್ರೌಡ್ ಅವರ ಬದುಕು ಸಾಕ್ಷಿ. ‘ಅಲ್ಕಟ್ರಾಜ್‌ನ ಹಕ್ಕಿಮನುಷ್ಯ’ ಎಂದು ಲೋಕ ಅವರನ್ನು ಕರೆಯಿತು, ಆದರೆ ಅವರು ಹಕ್ಕಿ ಸಾಕಿದ್ದು ಕಾನ್ಸಾಸ್‌ನ ಲೆವನ್‌ವರ್ತ್ ಸೆರೆಮನೆಯಲ್ಲಿ. 1942ರಲ್ಲಿ ಅಲ್ಕಟ್ರಾಜ್ ದ್ವೀಪದ ಸೆರೆಮನೆಗೆ ಸಾಗಿಸಿದ ಮೇಲೆ ಒಂದು ಹಕ್ಕಿಗೂ ಅನುಮತಿ ಸಿಗಲಿಲ್ಲ. 1916ರಲ್ಲಿ ಕಾವಲುಗಾರನೊಬ್ಬನನ್ನು ಕೊಂದು ಒಂಟಿ ಕೋಣೆಯಲ್ಲಿದ್ದ ಅವರು ಗುಬ್ಬಚ್ಚಿ ಮರಿಗಳಿಂದ ಆರಂಭಿಸಿ ನೂರಾರು ಕ್ಯಾನರಿಗಳನ್ನು ಸಾಕಿದರು, ಹಕ್ಕಿಗಳ ರೋಗಗಳ ಮೇಲೆ ಗ್ರಂಥವನ್ನೇ ಬರೆದರು. ಆ ವಿದ್ಯೆ ದೊಡ್ಡದು. ಆದರೆ ಅವರಿಗೆ ಗುರುವಿರಲಿಲ್ಲ, ಜೊತೆಗಾರರಿರಲಿಲ್ಲ. ಹಕ್ಕಿಗಳು ಅವರಿಗೆ ಒಂಟಿತನದೊಳಗಿನ ಆಸರೆಯಾದವು. ಬೇರೆ ಮನುಷ್ಯರ ಕಡೆಗೆ ಒಯ್ಯುವ ದಾರಿಯನ್ನು ಅವುಗಳ ಸುತ್ತ ಕಟ್ಟಿಕೊಡುವವರು ಯಾರೂ ಇರಲಿಲ್ಲ.

ಆ ದಾರಿಯನ್ನು ಕಟ್ಟಿದವರು ಪಾಲಿನ್ ಕ್ವಿನ್. ಬಾಲ್ಯದಲ್ಲಿಯೇ ಮನೆ ಬಿಟ್ಟು, ಒಂದಾದಮೇಲೊಂದು ಸಂಸ್ಥೆಯಲ್ಲಿ ಕೂಡಿಹಾಕಿಸಿಕೊಂಡು, ದೌರ್ಜನ್ಯ ಉಂಡು, ಬೀದಿಯಲ್ಲಿ ಮಲಗಿ ಬೆಳೆದ ಹೆಣ್ಣುಮಗಳು. ಎಲ್ಲರಿಗೂ ಹೆದರುತ್ತಿದ್ದ ಆಕೆ ಮತ್ತೆ ತಲೆಯೆತ್ತಿ ನಡೆಯುವಂತೆ ಮಾಡಿದ್ದು ಜೋನಿ ಎಂಬ ಒಂದು ಜರ್ಮನ್ ಶೆಫರ್ಡ್ ನಾಯಿ. ಆ ನಾಯಿ ಪಕ್ಕದಲ್ಲಿದ್ದಾಗ ಜನ ತನ್ನನ್ನು ನೋಡುವ ಬಗೆಯೇ ಬದಲಾಯಿತೆಂಬುದನ್ನು ಆಕೆ ಗಮನಿಸಿದರು. ತನಗೆ ಆದದ್ದು ಸೆರೆಯಲ್ಲಿರುವ ಹೆಂಗಸರಿಗೂ ಏಕೆ ಆಗಬಾರದೆಂಬ ಪ್ರಶ್ನೆ ಹೊತ್ತು ಅವರು ವಾಷಿಂಗ್ಟನ್ ಸ್ಟೇಟ್ ವಿಶ್ವವಿದ್ಯಾಲಯದ ಪಶುವೈದ್ಯಕೀಯ ಕಾಲೇಜಿನ ಡೀನ್ ಲಿಯೊ ಬುಸ್ಟಾಡ್ ಅವರ ನೆರವು ಕೇಳಿದರು. ಬುಸ್ಟಾಡ್ ಅವರು ಎರಡನೆಯ ಮಹಾಯುದ್ಧದಲ್ಲಿ ಜರ್ಮನರ ಯುದ್ಧಕೈದಿಯಾಗಿದ್ದವರು. ಸೆರೆಯ ಒಳಗು ಅವರಿಗೆ ಪುಸ್ತಕದಿಂದ ತಿಳಿದದ್ದಾಗಿರಲಿಲ್ಲ. ಈ ಇಬ್ಬರ ಪ್ರಯತ್ನದಿಂದ 1981ರಲ್ಲಿ ವಾಷಿಂಗ್ಟನ್ ರಾಜ್ಯದ ಗಿಗ್ ಹಾರ್ಬರ್ ಬಳಿಯ ಪರ್ಡಿ ಮಹಿಳಾ ಸೆರೆಮನೆಯಲ್ಲಿ ಬಂದಿಗಳೇ ನಾಯಿಗಳನ್ನು ಪಳಗಿಸುವ ಕಾರ್ಯಕ್ರಮ ಆರಂಭವಾಯಿತು. ಕ್ವಿನ್ ಮುಂದೆ ಕ್ರೈಸ್ತ ಸಂನ್ಯಾಸಿನಿಯಾದರು, 2020ರಲ್ಲಿ ತೀರಿಕೊಂಡರು.

ಪರ್ಡಿಯ ಕ್ರಮದಲ್ಲಿ ಒಂದು ಅರ್ಥಪೂರ್ಣ ಆಯ್ಕೆಯಿದೆ. ಯಾರೂ ಬೇಡವೆಂದು ಬಿಟ್ಟುಹೋದ ನಾಯಿಗಳನ್ನು ಪ್ರಾಣಿಗಳ ಆಶ್ರಯಧಾಮಗಳಿಂದ ಅಲ್ಲಿಗೆ ತರುತ್ತಿದ್ದರು. ಆಶ್ರಯಧಾಮದಲ್ಲಿಯೇ ಉಳಿದಿದ್ದರೆ ಅವುಗಳಲ್ಲಿ ಎಷ್ಟನ್ನೋ ಚುಚ್ಚುಮದ್ದು ಕೊಟ್ಟು ಕೊಲ್ಲುತ್ತಿದ್ದರು. ಹೆಂಗಸರು ಅವನ್ನು ಪಳಗಿಸಿ ಅಂಗವಿಕಲರ ಸಹಾಯಕ್ಕೆ, ಇಲ್ಲವೆ ಮನೆಗಳಲ್ಲಿ ಸಾಕುವುದಕ್ಕೆ ಸಿದ್ಧಪಡಿಸುತ್ತಿದ್ದರು. ಇದರ ಜೊತೆಗೆ ಹೊರಗಿನ ಜನರ ನಾಯಿಗಳಿಗೆ ಮೀಯಿಸಿ, ಕೂದಲು ಕತ್ತರಿಸಿ, ಮಾಲೀಕರು ಊರಿಗೆ ಹೋದಾಗ ನೋಡಿಕೊಳ್ಳುವ ಕೆಲಸವನ್ನೂ ಅದೇ ಆವರಣದಲ್ಲಿ ಕಲಿಸಲಾಯಿತು. ಬಿಡುಗಡೆಯಾದ ಹೆಂಗಸಿಗೆ ನಾಯಿಯ ಪ್ರೀತಿಯ ನೆನಪೊಂದೇ ಹೊಟ್ಟೆ ತುಂಬಿಸುವುದಿಲ್ಲ. ಕೈಯಲ್ಲಿ ಒಂದು ಕಸುಬು ಇರಬೇಕು ಎಂಬ ಎಚ್ಚರ ಅಲ್ಲಿತ್ತು. ಇವತ್ತು ಇಂಥ ಕಾರ್ಯಕ್ರಮ ಯೋಜಿಸುವ ಹಲವರಲ್ಲಿ ನಾನು ಕಾಣದಿರುವುದು ಈ ಎಚ್ಚರವನ್ನೇ.

ಈಗ ಒಂದು ಕೋಣೆಯ ಒಳಗೆ ಹೋಗಿ ನೋಡೋಣ. ನ್ಯೂಯಾರ್ಕ್ ರಾಜ್ಯದ ಬೆಡ್‌ಫರ್ಡ್ ಹಿಲ್ಸ್ ಮಹಿಳಾ ಸೆರೆಮನೆಯಲ್ಲಿ 1997ರಲ್ಲಿ ಗ್ಲೋರಿಯಾ ಗಿಲ್ಬರ್ಟ್ ಸ್ಟೋಗಾ ಎಂಬುವರು, ಅಂಧರಿಗೆ ದಾರಿ ತೋರುವ ನಾಯಿಗಳ ಮರಿಗಳನ್ನು ಬಂದಿಗಳ ಕೈಯಲ್ಲಿ ಬೆಳೆಸುವ ‘ಪಪ್ಪೀಸ್ ಬಿಹೈಂಡ್ ಬಾರ್ಸ್’ (ಕಂಬಿಯ ಹಿಂದಿನ ನಾಯಿಮರಿಗಳು) ಎಂಬ ಸಂಸ್ಥೆಯ ಕೆಲಸ ಆರಂಭಿಸಿದರು. ಎಂಟು ವಾರದ ನಾಯಿಮರಿಯೊಂದು ತಾಯಿಯಿಂದ ಅಗಲಿ ಒಬ್ಬ ಬಂದಿಯ ಕೋಣೆಗೆ ಬರುತ್ತದೆ. ಹಾಸಿಗೆಯ ಪಕ್ಕದ ಇಕ್ಕಟ್ಟಿನಲ್ಲಿ ಅದರ ಗೂಡು. ಎಂಟು ವಾರದ ಮರಿಗೆ ರಾತ್ರಿಯಿಡೀ ಮೂತ್ರ ತಡೆದುಕೊಳ್ಳುವ ಶಕ್ತಿಯಿಲ್ಲ. ಅದು ನಡುರಾತ್ರಿ ಕುಂಯ್‌ಗುಟ್ಟಿದರೆ ಅವಳು ಎದ್ದು ಅದನ್ನು ನೋಡಿಕೊಳ್ಳಬೇಕು. ಬೆಳಗ್ಗೆ ತನ್ನ ಕೆಲಸಕ್ಕೆ ಮುಂಚೆ ಅದಕ್ಕೆ ಅಳತೆಯಂತೆ ತಿನ್ನಿಸಬೇಕು, ಕಿವಿ, ಹಲ್ಲು, ಪಂಜ ಮುಟ್ಟಿ ನೋಡಿ ಅಭ್ಯಾಸ ಮಾಡಿಸಬೇಕು, ಏನು ಕಲಿಯಿತು ಎಲ್ಲಿ ಹಿಂಜರಿಯಿತು ಎಂಬುದನ್ನು ಮನಸ್ಸಿಟ್ಟು ಗಮನಿಸಬೇಕು. ಮರಿಗೆ ಅವಳ ಅಪರಾಧದ ಸೆಕ್ಷನ್ ಯಾವುದೆಂದು ಗೊತ್ತಿಲ್ಲ. ಅವಳ ದನಿಯಲ್ಲಿ ಸಿಟ್ಟು ಬಂದರೆ ಮಾತ್ರ ಅದಕ್ಕೆ ತಕ್ಷಣ ಗೊತ್ತಾಗುತ್ತದೆ. ಬಾಲ ಒಳಗೆ ಮಡಚಿಕೊಂಡು ಮೂಲೆ ಸೇರುತ್ತದೆ, ಅಂದಿನ ಪಾಠ ಅಲ್ಲಿಗೇ ನಿಲ್ಲುತ್ತದೆ. ಸಿಟ್ಟನ್ನು ನುಂಗಿ ಹೊಸದಾಗಿ ಆರಂಭಿಸುವುದನ್ನು ಬಿಟ್ಟು ಅವಳಿಗೆ ಬೇರೆ ದಾರಿ ಇರುವುದಿಲ್ಲ. ಕೋಪ ಅಡಗಿಸುವುದನ್ನು ತರಗತಿಯಲ್ಲಿ ಬೋಧಿಸುವುದಕ್ಕೂ, ಅಡಗಿಸದಿದ್ದರೆ ಇವತ್ತಿನ ಕೆಲಸವೇ ಕೆಡುತ್ತದೆ ಎಂಬ ಸ್ಥಿತಿಯಲ್ಲಿ ದಿನಕ್ಕೆ ಹತ್ತು ಸಲ ಅದನ್ನು ಮಾಡುವುದಕ್ಕೂ ಎಷ್ಟು ಅಂತರವಿದೆ ಎಂಬುದನ್ನು ನಾಯಿ ಸಾಕಿದವರೆಲ್ಲ ಬಲ್ಲರು.

ಸೆರೆಮನೆಯಲ್ಲಿ ಬೆಳೆದ ಮರಿಗೆ ಒಂದು ಕೊರತೆ ಉಂಟಾಗುತ್ತದೆ, ಅದನ್ನು ಯೋಚಿಸಿದಾಗ ನನಗೆ ಸೆರೆಮನೆಯ ಅರ್ಥವೇ ಹೆಚ್ಚು ಸ್ಪಷ್ಟವಾಯಿತು. ಅಲ್ಲಿ ಬಸ್ಸಿನ ಹಾರನ್ ಇಲ್ಲ, ಕರೆಗಂಟೆ ಇಲ್ಲ, ಆಟವಾಡುವ ಮಕ್ಕಳ ಗಲಾಟೆ ಇಲ್ಲ, ಅಡುಗೆಮನೆಯ ಸದ್ದಿಲ್ಲ. ಇವನ್ನೆಲ್ಲ ಕೇಳದೆ ಬೆಳೆದ ನಾಯಿ ಹೊರಗೆ ಹೋದಾಗ ಬೆಚ್ಚುತ್ತದೆ, ಅಂಧರಿಗೆ ದಾರಿ ತೋರುವ ಕೆಲಸಕ್ಕೆ ಒದಗುವುದಿಲ್ಲ. ಆದ್ದರಿಂದ ಸ್ವಯಂಸೇವಕರು ಮರಿಗಳನ್ನು ಆಗಾಗ ತಮ್ಮ ಮನೆಗೆ ಕರೆದೊಯ್ದು ಪೇಟೆ, ಮೆಟ್ಟಿಲು, ವಾಹನ, ಜನಸಂದಣಿ ಎಲ್ಲವನ್ನೂ ಪರಿಚಯಿಸಿ ಮತ್ತೆ ಒಳಗೆ ಬಿಡುತ್ತಾರೆ. ಒಂದು ವರ್ಷ ಈ ಸದ್ದುಗಳಿಂದ ದೂರವಿದ್ದ ನಾಯಿಗೆ ಇಷ್ಟು ಮುನ್ನೆಚ್ಚರಿಕೆ ಬೇಕೆಂದು ನಮಗೆ ತಿಳಿಯುತ್ತದೆ. ಹದಿನೈದು ವರ್ಷ ದೂರವಿದ್ದ ಮನುಷ್ಯನನ್ನು ಒಂದು ಬಟ್ಟೆಯ ಗಂಟು ಕೊಟ್ಟು ಗೇಟಿನ ಹೊರಗೆ ನಿಲ್ಲಿಸುತ್ತೇವೆ.

2001ರ ಸೆಪ್ಟೆಂಬರ್ ದಾಳಿಯ ನಂತರ ಈ ಸಂಸ್ಥೆ ಸ್ಫೋಟಕ ಪತ್ತೆಹಚ್ಚುವ ನಾಯಿಗಳನ್ನು ಬೆಳೆಸತೊಡಗಿತು. 2006ರಿಂದ ಇರಾಕ್ ಮತ್ತು ಅಫ್ಘಾನಿಸ್ತಾನದ ಯುದ್ಧಗಳಲ್ಲಿ ಗಾಯಗೊಂಡು ಮರಳಿದ ಯೋಧರಿಗಾಗಿಯೂ ನಾಯಿಗಳನ್ನು ಸಿದ್ಧಪಡಿಸಿತು. ಯುದ್ಧದ ದುಃಸ್ವಪ್ನದಿಂದ ನರಳುವವನನ್ನು ಎಚ್ಚರಿಸುವುದು, ದೀಪ ಹಾಕುವುದು, ಜನಸಂದಣಿಯಲ್ಲಿ ಅವನ ಬೆನ್ನಿಗೆ ಕಾವಲಾಗಿ ನಿಲ್ಲುವುದು ಇವೆಲ್ಲ ಕೋಣೆಯೊಳಗಿನ ಬಂದಿ ಕಲಿಸಿದ ಪಾಠಗಳು. ಜೀವ ತೆಗೆದ ತಪ್ಪಿಗಾಗಿ ಶಿಕ್ಷೆ ಅನುಭವಿಸುತ್ತಿರುವವರೂ ಇಲ್ಲಿ ಕೆಲಸ ಮಾಡಿದ್ದಾರೆ. ಅವರಿಂದ ಹೋದ ಜೀವ ಮರಳಿ ಬರುವುದಿಲ್ಲ, ನಾಯಿ ಬೆಳೆಸಿದರೆ ಲೆಕ್ಕ ಚುಕ್ತಾ ಆಯಿತೆಂದು ಯಾರೂ ಹೇಳುವಂತಿಲ್ಲ. ಸಭೆಯಲ್ಲಿರುವ ಹಿರಿಯರೊಬ್ಬರು ಇದನ್ನೇ ಕೇಳಬಹುದು: ಮಗನನ್ನು ಕಳೆದುಕೊಂಡ ತಾಯಿಗೆ ಈ ನಾಯಿಮರಿಯ ಕಥೆ ಹೇಗೆ ಕೇಳಿಸೀತು? ಆಕೆ ಕ್ಷಮಿಸಲೇಬೇಕೆಂಬ ಒತ್ತಾಯ ನನ್ನ ಮಾತಿನಲ್ಲಿ ಎಲ್ಲಿಯೂ ಇಲ್ಲ. ಶಿಕ್ಷೆಯ ಅವಧಿ ಒಂದು ದಿನವೂ ಕಡಿಮೆಯಾಗಬೇಕಿಲ್ಲ. ಆದರೆ ಆ ಅವಧಿಯನ್ನು ಗೋಡೆ ನೋಡುತ್ತ ಕಳೆಯುವ ಬದಲು ಯಾರಿಗಾದರೂ ಒದಗುವ ಕೆಲಸದಲ್ಲಿ ಕಳೆದರೆ ಆ ತಾಯಿಯ ದುಃಖಕ್ಕೆ ಅಗೌರವವಾಗುವುದಿಲ್ಲವೆಂದು ನಾನು ನಂಬಿದ್ದೇನೆ.

ಇನ್ನು ಬೀಳ್ಕೊಡುವ ದಿನ. ಒಂದೂವರೆ ಎರಡು ವರ್ಷ ತನ್ನ ಹಾಸಿಗೆಯ ಪಕ್ಕದಲ್ಲೇ ಉಸಿರಾಡಿದ ಪ್ರಾಣಿ, ತಾನು ದಾಟಲಾಗದ ಗೇಟನ್ನು ದಾಟಿ ಹೋಗುವುದನ್ನು ಸಾಕಿದವಳು ನಿಂತು ನೋಡಬೇಕು. ಮೊದಲ ದಿನದಿಂದಲೂ ಆಕೆಗೆ ಇದು ಗೊತ್ತು, ಗೊತ್ತಿದ್ದೂ ಸಾಕಿದಳು. ನಮ್ಮ ಕಡೆ ತವರಿನಿಂದ ಮಗಳನ್ನು ಕಳಿಸುವಾಗ ಅಳು ಇದ್ದೇ ಇರುತ್ತದೆ, ಆದರೆ ಆ ಅಳುವಿನಲ್ಲಿ ಕಳೆದುಕೊಂಡ ಭಾವವೊಂದೇ ಇರುವುದಿಲ್ಲ. ಕಸಿದುಕೊಂಡು ಬದುಕಿದ ಕೈ, ತನ್ನ ಅತ್ಯಂತ ಪ್ರಿಯವಾದದ್ದನ್ನು ಮುಖ ಕಾಣದ ಒಬ್ಬರಿಗಾಗಿ ಬಿಟ್ಟುಕೊಡುವ ಆ ಗಳಿಗೆಯೇ ಇಡೀ ಕಾರ್ಯಕ್ರಮದ ತಿರುಳು ಎಂದು ನನಗೆ ತೋರುತ್ತದೆ. ಜಪಾನಿನ ಶಿಮಾನೆ ಪ್ರಾಂತದಲ್ಲಿ 2008ರಲ್ಲಿ ತೆರೆದ ಅಸಾಹಿ ಸೆರೆಮನೆಯಲ್ಲಿ 2009ರಿಂದ ಅಂಧರ ಮಾರ್ಗದರ್ಶಿ ನಾಯಿಗಳ ಮರಿಗಳನ್ನು ಬಂದಿಗಳು ಬೆಳೆಸುತ್ತಾರೆ. ಅಲ್ಲಿ ಒಂದು ಮರಿಯ ಹೊಣೆ ಒಬ್ಬರದಲ್ಲ, ಒಂದು ಗುಂಪಿನದು; ವಾರದ ಕೊನೆಗೆ ಸುತ್ತಲಿನ ಊರಿನ ಕುಟುಂಬಗಳು ಅದನ್ನು ಮನೆಗೆ ಒಯ್ಯುತ್ತವೆ. ಹೀಗಾಗಿ ಊರಿಗೂ ಸೆರೆಮನೆಗೂ ನಡುವೆ ಒಂದು ಪುಟ್ಟ ಜೀವ ಓಡಾಡುತ್ತಿರುತ್ತದೆ.

ನಾಯಿಯ ಮಾತಾಯಿತು, ಕುದುರೆಯ ಪಾಠ ಬೇರೆಯದೇ. ನ್ಯೂಯಾರ್ಕ್‌ನ ವಾಲ್‌ಕಿಲ್ ಸೆರೆಮನೆಯಲ್ಲಿ 1984ರಿಂದ ಓಟದ ಕಣದಿಂದ ನಿವೃತ್ತವಾದ ಕುದುರೆಗಳನ್ನು ಬಂದಿಗಳು ನೋಡಿಕೊಂಡು ಬಂದಿದ್ದಾರೆ. ಇನ್ನೂ ಕಠಿಣವಾದದ್ದು ಕಾಡುಕುದುರೆಗಳನ್ನು ಪಳಗಿಸುವ ಕೆಲಸ. 1971ರ ಕಾಯ್ದೆಯಿಂದ ರಕ್ಷಣೆ ಪಡೆದ ಈ ಕುದುರೆಗಳು ಪಶ್ಚಿಮದ ಸರ್ಕಾರಿ ಭೂಮಿಯಲ್ಲಿ ಹೆಚ್ಚಾದಾಗ ಕೆಲವನ್ನು ಹಿಡಿದು ಜನರಿಗೆ ಸಾಕಲು ಕೊಡುತ್ತಾರೆ. ಅದಕ್ಕೆ ಮೊದಲು ಪಳಗಿಸುವ ಕೆಲಸ ಕೊಲೊರಾಡೊದ ಕ್ಯಾನನ್ ಸಿಟಿ ಸೆರೆಮನೆಯಲ್ಲಿ 1986ರಲ್ಲಿ ಆರಂಭವಾಯಿತು, ಆಮೇಲೆ ನೆವಾಡದ ಕಾರ್ಸನ್ ಸಿಟಿಯಲ್ಲಿಯೂ ಬೆಳೆಯಿತು. ದುಂಡನೆಯ ಬೇಲಿಯ ನಡುವೆ ಬಂದಿ ನಿಲ್ಲುತ್ತಾನೆ. ಮನುಷ್ಯನ ಕೈ ಎಂದೂ ಸೋಕದ ಕುದುರೆ ಬೇಲಿಗೆ ಅಂಟಿಕೊಂಡು ಸುತ್ತ ಓಡುತ್ತದೆ. ಅದನ್ನು ಬೆನ್ನಟ್ಟುವಂತಿಲ್ಲ. ಅದು ಓಟ ನಿಧಾನಿಸಿ ಒಂದು ಕಿವಿಯನ್ನು ಅವನ ಕಡೆ ತಿರುಗಿಸಿದ ಆ ಕ್ಷಣ ಅವನು ಒಂದು ಹೆಜ್ಜೆ ಹಿಂದೆ ಸರಿಯಬೇಕು. ತನ್ನ ಕಡೆ ಗಮನ ಕೊಟ್ಟರೆ ಈ ಮನುಷ್ಯ ಒತ್ತಡ ಬಿಡುತ್ತಾನೆ ಎಂಬುದನ್ನು ಕುದುರೆ ಕಲಿಯುವುದು ಹಾಗೆ. ಬಲ ತೋರಿಸುವುದೇ ಬದುಕುವ ದಾರಿಯೆಂದು ಬೀದಿಯಲ್ಲಿಯೂ ಬ್ಯಾರಕ್ಕಿನಲ್ಲಿಯೂ ಕಲಿತವನಿಗೆ ಹಿಂದೆ ಸರಿದಾಗ ನಂಬಿಕೆ ಹತ್ತಿರ ಬರುತ್ತದೆ ಎಂಬುದನ್ನು ನಾಲ್ಕೈದು ಕ್ವಿಂಟಲ್ ತೂಕದ ಪ್ರಾಣಿಯೊಂದು ಕಲಿಸುತ್ತದೆ.

ಈ ಕಾರ್ಯಕ್ರಮಗಳಿಂದ ಹೊರಬಂದವರು ಮತ್ತೆ ಅಪರಾಧ ಮಾಡುವುದು ಕಡಿಮೆ ಎಂಬ ಮಾತು ಎಲ್ಲೆಡೆ ಕೇಳಿಬರುತ್ತದೆ. ಇಲ್ಲಿ ನಾವು ಪ್ರಾಮಾಣಿಕರಾಗಿರಬೇಕು. ಇವಕ್ಕೆ ಸೇರಿಸಿಕೊಳ್ಳುವುದೇ ನಡತೆ ಚೆನ್ನಾಗಿರುವವರನ್ನು, ತಾವಾಗಿ ಮುಂದೆ ಬಂದವರನ್ನು. ಅವರು ನಾಯಿ ಇಲ್ಲದೆಯೂ ಸುಧಾರಿಸುತ್ತಿದ್ದರೋ ಏನೋ ಎಂಬ ಪ್ರಶ್ನೆಗೆ ಸಣ್ಣ ಸಣ್ಣ ಗುಂಪುಗಳ ಅಧ್ಯಯನಗಳು ಪೂರ್ತಿ ಉತ್ತರ ಕೊಡಲಾರವು. ಇದಕ್ಕಿಂತ ದೊಡ್ಡ ಆತಂಕ ದುಡಿಮೆಯದು. ಅಮೆರಿಕದ ಸಂವಿಧಾನದ 13ನೇ ತಿದ್ದುಪಡಿ 1865ರಲ್ಲಿ ಗುಲಾಮಗಿರಿಯನ್ನು ರದ್ದು ಮಾಡಿದರೂ ಅಪರಾಧಕ್ಕೆ ಶಿಕ್ಷೆಯಾಗಿ ಮಾಡಿಸುವ ದುಡಿಮೆಯನ್ನು ಆ ನಿಷೇಧದಿಂದ ಹೊರಗಿಟ್ಟಿತು. ಅಲ್ಲಿನ ಬಂದಿಗಳ ಕೂಲಿ ಇಂದಿಗೂ ಗಂಟೆಗೆ ಕೆಲವೇ ಸೆಂಟ್‌ಗಳು, ಕೆಲವು ರಾಜ್ಯಗಳಲ್ಲಿ ಅದೂ ಇಲ್ಲ. ಹೊರಗೆ ದುಬಾರಿಯಾದ ತರಬೇತಿಯನ್ನು ಒಳಗೆ ಅಗ್ಗವಾಗಿ ಮಾಡಿಸಿಕೊಳ್ಳುವ ಉಪಾಯವಾಗಿ ಇದು ಇಳಿದರೆ, ಅದಕ್ಕೆ ಸುಧಾರಣೆಯೆಂಬ ಹೆಸರು ಸಲ್ಲುವುದಿಲ್ಲ. ಪಶುವೈದ್ಯನಾಗಿ ಇನ್ನೊಂದು ಮಾತನ್ನೂ ಹೇಳಲೇಬೇಕು. ಪ್ರಾಣಿಯು ಮನುಷ್ಯನ ಚಿಕಿತ್ಸೆಯ ಉಪಕರಣವಲ್ಲ. ಅದಕ್ಕೆ ದಣಿವಿದೆ, ಭಯವಿದೆ, ಸದ್ದಿಲ್ಲದ ಒಂದು ಮೂಲೆ ಬೇಕಾಗುತ್ತದೆ. ಒಪ್ಪದ ಪ್ರಾಣಿಯನ್ನು ಕೆಲಸದಿಂದ ಹಿಂತೆಗೆಯುವ ಅಧಿಕಾರ ಅಧೀಕ್ಷಕರಿಗಿಂತ ಮೊದಲು ಪಶುವೈದ್ಯರಿಗಿರಬೇಕು.

ನಮ್ಮಲ್ಲಿ ಇದು ಸಾಧ್ಯವೇ ಎಂದು ಹಲವರು ಕೇಳುತ್ತಾರೆ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಕೊಡುವ 2022ರ ಲೆಕ್ಕದಂತೆ ದೇಶದ ಸುಮಾರು 5.73 ಲಕ್ಷ ಬಂದಿಗಳಲ್ಲಿ 4.34 ಲಕ್ಷ ಜನ ವಿಚಾರಣಾಧೀನರು. ನಾಳೆ ಜಾಮೀನು ಸಿಕ್ಕೀತೋ ಇಲ್ಲವೋ ತಿಳಿಯದವರ ಕೈಗೆ ಒಂದೂವರೆ ವರ್ಷದ ಹೊಣೆಯನ್ನು ಕೊಡುವುದು ಅವರಿಗೂ ಮರಿಗೂ ಅನ್ಯಾಯ. ಆದ್ದರಿಂದ ಕಿಕ್ಕಿರಿದ ಕೇಂದ್ರ ಕಾರಾಗೃಹಗಳಲ್ಲಿ ಅಮೆರಿಕದ ಮಾದರಿಯನ್ನು ತಂದು ನೆಡಲಾಗದು. ಅವಕಾಶ ಇರುವುದು ಬಿಗಿ ಕಾವಲಿಲ್ಲದ ಬಯಲು ಬಂದೀಖಾನೆಗಳಲ್ಲಿ. ಬೆಂಗಳೂರಿನ ಬಳಿಯ ದೇವನಹಳ್ಳಿ ತಾಲ್ಲೂಕಿನ ಕೋರಮಂಗಲದಲ್ಲಿ ದೀರ್ಘ ಶಿಕ್ಷೆಯ ಬಂದಿಗಳು ಬೇಸಾಯ ಮಾಡುವ ಅಂಥದೊಂದು ಬಂದೀಖಾನೆಯಿದೆ, ಹೆಬ್ಬಾಳದ ಪಶುವೈದ್ಯಕೀಯ ಕಾಲೇಜು ಅಲ್ಲಿಗೆ ದೂರವೇನಲ್ಲ. ಇವೆರಡರ ನಡುವೆ ಒಂದು ಒಪ್ಪಂದ ಏರ್ಪಟ್ಟರೆ ನಾಲ್ಕಾರು ನಾಯಿಗಳಿಂದಲೇ ಕೆಲಸ ಆರಂಭಿಸಬಹುದು. ಸಗಣಿ ಬಾಚುವುದು, ಗೂಡು ತೊಳೆಯುವುದು ಯಾರ ಪಾಲಿಗೆ ಬರುತ್ತದೆ ಎಂಬುದರ ಮೇಲೆ ಮಾತ್ರ ಕಣ್ಣಿಟ್ಟಿರಬೇಕು. ಸೆರೆಮನೆಗಳಲ್ಲಿ ಜಾತಿ ನೋಡಿ ಕೆಲಸ ಹಂಚುವ ಪದ್ಧತಿ ಸಂವಿಧಾನಬಾಹಿರವೆಂದು ಸುಪ್ರೀಂ ಕೋರ್ಟ್ ಸ್ಪಷ್ಟವಾಗಿ ಹೇಳಿದ್ದು 2024ರ ಅಕ್ಟೋಬರ್‌ನಲ್ಲಿ, ಅಂದರೆ ಅಲ್ಲಿಯವರೆಗೂ ಅದು ನಡೆದೇ ಇತ್ತು. ಪ್ರಾಣಿಯ ಜೊತೆ ಆಡುವವನೊಬ್ಬ, ಅದರ ಹೇಲು ತೆಗೆಯುವವನೊಬ್ಬ ಎಂದಾದರೆ ಇಡೀ ಯೋಜನೆಯೇ ಕೆಟ್ಟಂತೆ. ಸಾಕುವವನೇ ತೊಳೆಯಬೇಕು.

ಕೊನೆಯದಾಗಿ ಒಂದು ಸಣ್ಣ ಬೇಡಿಕೆ. ಇಂಥ ಯೋಜನೆಯ ಕರಡನ್ನು ಯಾರಾದರೂ ಬರೆಯಲು ಕುಳಿತರೆ ಗೂಡಿನ ಅಳತೆ, ಆಹಾರದ ಖರ್ಚು, ಲಸಿಕೆಯ ವೇಳಾಪಟ್ಟಿ ಇವೆಲ್ಲ ತಾವಾಗಿಯೇ ಅದರಲ್ಲಿ ಬರುತ್ತವೆ. ನಾಯಿ ಹೊರಟುಹೋದ ದಿನ ಸಾಕಿದವರಿಗೆ ಬೇರೆ ಕೆಲಸದಿಂದ ಬಿಡುವು ಕೊಡಬೇಕೆಂಬುದನ್ನೂ ಅದರಲ್ಲಿ ಸೇರಿಸಿ. ನಾಯಿ ಯಾವ ಊರು ತಲುಪಿತು, ಈಗ ಯಾರ ಪಕ್ಕದಲ್ಲಿ ನಡೆಯುತ್ತಿದೆ, ಚೆನ್ನಾಗಿ ತಿನ್ನುತ್ತಿದೆಯೇ ಎಂದು ತಿಂಗಳೊಳಗೆ ಅವರಿಗೊಂದು ಪತ್ರ ಬರಬೇಕು. ಆ ಪತ್ರ ಬರೆಯುವ ಹೊಣೆ ಯಾರದೆಂಬುದನ್ನು ಮರಿ ಒಳಗೆ ಬರುವ ಮೊದಲೇ ಹೆಸರು ಸಹಿತ ಬರೆದಿಡಿ.